ಕರಮ್ ಎಂದರೆ ಕರ್ಮವೋ, ಕರುಣೆಯೋ?

ಅಮೃತಸರದಲ್ಲಿ ಇನ್ನೂ ಬೆಳಕು ಹರಿದಿರುವುದಿಲ್ಲ. ಸರೋವರದ ನೀರಲ್ಲಿ ದೀಪಗಳ ಹೊಂಬಣ್ಣ ಕದಲುತ್ತಿರುತ್ತದೆ, ಬರಿಗಾಲಿಗೆ ಅಮೃತಶಿಲೆ ಕೊರೆಯುತ್ತಿರುತ್ತದೆ. ಅಕಾಲ್ ತಖ್ತ್‌ನಿಂದ ಹೊರಟ ಪಲ್ಲಕ್ಕಿಗೆ ಒಂದು ಗಳಿಗೆಯಾದರೂ ಹೆಗಲು ಕೊಡಬೇಕೆಂದು ಜನ ಒತ್ತರಿಸಿಕೊಂಡು ಬರುತ್ತಾರೆ. ಪಲ್ಲಕ್ಕಿಯಲ್ಲಿರುವುದು ಮೂರ್ತಿಯಲ್ಲ, ಪುಸ್ತಕ. ಹರ್ಮಂದಿರ್ ಸಾಹಿಬ್‌ನ ಒಳಗೆ ಅದನ್ನು ಗಾದಿಯ ಮೇಲಿಳಿಸಿ, ಹೊದಿಸಿದ ರುಮಾಲಾ ಸರಿಸಿ, ಗ್ರಂಥ ಓದುವ ‘ಗ್ರಂಥಿ’ ಕೈಗೆ ಬಂದ ಪುಟ ತೆರೆಯುತ್ತಾರೆ. ಎಡಪುಟದ ಮೇಲ್ಗಡೆ ಸಿಕ್ಕ ಪದ್ಯವನ್ನು ಓದುತ್ತಾರೆ. ಅದೇ ಆ ದಿನದ ಹುಕಂನಾಮಾ, ಗುರುವಿನ ಅಪ್ಪಣೆ.

ಓದಿ ಮುಗಿದು ಹೆಚ್ಚು ಹೊತ್ತಾಗಿರುವುದಿಲ್ಲ, ಆ ಪದ್ಯ ಟೊರಾಂಟೊದಲ್ಲಿ, ಲಂಡನ್ನಿನ ಸೌಥಾಲ್‌ನಲ್ಲಿ, ಬೆಂಗಳೂರಿನ ಹಲಸೂರಿನಲ್ಲಿ ಮೊಬೈಲ್‌ಗಳಿಗೆ ಬಂದು ಬಿದ್ದಿರುತ್ತದೆ. ಮೇಲೆ ಗುರುಮುಖಿ ಲಿಪಿಯ ಮೂಲ, ಅದರ ಕೆಳಗೆ ಪಂಜಾಬಿಯಲ್ಲಿ ಅರ್ಥ, ಅದಕ್ಕೂ ಕೆಳಗೆ ಇಂಗ್ಲಿಷ್. ಇಂಗ್ಲಿಷ್ ಯಾಕೆಂದು ಯಾರೂ ಕೇಳುವುದಿಲ್ಲ. ಆದರೆ ಪಂಜಾಬಿ ಮನೆಮಾತಿನವರಿಗೇ ಪಂಜಾಬಿ ಅರ್ಥ ಯಾಕೆ ಬೇಕು?

ಒಂದೇ ಹೊತ್ತಗೆ, ಹತ್ತಾರು ನುಡಿ

ಗುರು ಗ್ರಂಥ ಸಾಹಿಬ್ ‘ಪಂಜಾಬಿಯ ಪುಸ್ತಕ’ ಎಂಬುದು ಅರ್ಧ ನಿಜ. ಐದನೆಯ ಗುರು ಅರ್ಜನ್ ದೇವ್ ಅದನ್ನು ಸಂಪಾದಿಸಿ, ಭಾಯಿ ಗುರ್‌ದಾಸ್ ಕೈಯಲ್ಲಿ ಬರೆಸಿ, 1604ರಲ್ಲಿ ಅಮೃತಸರದಲ್ಲಿ ಪ್ರತಿಷ್ಠಾಪಿಸಿದರು. ಒಂಬತ್ತನೆಯ ಗುರು ತೇಗ್ ಬಹದ್ದೂರರ ಪದ್ಯಗಳು ಆಮೇಲೆ ಸೇರಿದವು. 1708ರಲ್ಲಿ, ನಮ್ಮ ಬೀದರಿನಿಂದ ಹೆಚ್ಚು ದೂರವಿಲ್ಲದ ನಾಂದೇಡದಲ್ಲಿ, ಹತ್ತನೆಯ ಗುರು ಗೋವಿಂದ ಸಿಂಗರು ತಮ್ಮ ನಂತರ ಈ ಗ್ರಂಥವೇ ಗುರು ಎಂದರು. ಇಂದಿನ ಮುದ್ರಿತ ಪ್ರತಿಯಲ್ಲಿ 1430 ಪುಟ. ಪದ್ಯಗಳ ಬಹುಪಾಲನ್ನು 31 ರಾಗಗಳ ಕೆಳಗೆ ಜೋಡಿಸಲಾಗಿದೆ.

ಈ ಪುಟಗಳಲ್ಲಿ ಆರು ಮಂದಿ ಗುರುಗಳ ಜತೆಗೆ ಹದಿನೈದು ಮಂದಿ ಭಗತರೂ ಇದ್ದಾರೆ. ಬನಾರಸಿನ ನೇಕಾರ ಕಬೀರ, ಚರ್ಮದ ಕೆಲಸದ ರವಿದಾಸ, ಸೂಫಿ ಶೇಖ್ ಫರೀದ, ಮಹಾರಾಷ್ಟ್ರದ ನಾಮದೇವ. ನಮ್ಮ ಉತ್ತರ ಕರ್ನಾಟಕದ ಸಿಂಪಿಗರು ತಮ್ಮ ಕುಲದ ಸಂತ ಎಂದು ನಡೆದುಕೊಳ್ಳುವ ಅದೇ ನಾಮದೇವರ 61 ಪದ್ಯಗಳು ಅದರಲ್ಲಿವೆ. ಹೀಗೆ ಪಂಜಾಬಿ, ಬ್ರಜ್, ಮುಲ್ತಾನದ ಕಡೆಯ ಪಶ್ಚಿಮದ ಮಾತು, ಮರಾಠಿಯ ಛಾಯೆ, ಫಾರಸಿ, ಅರಬ್ಬಿ, ಸಂಸ್ಕೃತದಿಂದ ಸವೆದು ಬಂದ ರೂಪಗಳು ಎಲ್ಲವೂ ಒಂದೇ ಲಿಪಿಯಲ್ಲಿ ಕೂತಿವೆ. ವಿದ್ವಾಂಸರು ಇದಕ್ಕೆ ‘ಸಂತಭಾಷೆ’ ಎನ್ನುತ್ತಾರೆ. ಊರಿಂದೂರಿಗೆ ತಿರುಗುವವರು ಎಲ್ಲರಿಗೂ ತಿಳಿಯಲೆಂದು ಆಡುವ ಮಾತದು. ತಮಾಷೆಯೆಂದರೆ ಎಲ್ಲರಿಗೂ ತಿಳಿಯಲೆಂದೇ ಆಡಿದ ಆ ಮಾತು ನಾಲ್ಕು ಶತಮಾನ ಕಳೆಯುವಷ್ಟರಲ್ಲಿ ಯಾರಿಗೂ ಪೂರ್ತಿ ಮನೆಮಾತಾಗಿ ಉಳಿದಿಲ್ಲ.

ಕನ್ನಡಿಗರಿಗೆ ಇಲ್ಲಿ ಒಂದು ಸಣ್ಣ ಖುಷಿ ಕಾದಿದೆ. ಫಾರಸಿ, ಅರಬ್ಬಿಯ ‘ಜ’ಕಾರ ಈ ಗ್ರಂಥದಲ್ಲಿ ಎಷ್ಟೋ ಕಡೆ ‘ದ’ ಆಗುತ್ತದೆ. ಕಾಗಜ್ ಅಲ್ಲಿ ‘ಕಾಗದ’, ನಜರ್ ಅಲ್ಲಿ ‘ನದರ್’. ‘ನಿಮ್ಮ ನದರಿಗೆ ಬರಲಿಲ್ಲವೇ?’ ಎಂದು ಈಗಲೂ ಕೇಳುವ ನಮ್ಮವರಿಗೆ ಆ ಪದವನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಗ್ರಂಥದ ‘ನದರ್’ ಬರೀ ನೋಟವಲ್ಲ, ಮೇಲಿನವನ ಕೃಪಾದೃಷ್ಟಿ. ಪದ ಗುರುತಿದೆ ಎಂದು ಅರ್ಥವೂ ಗುರುತಿದೆ ಅಂದುಕೊಂಡವರು ಜಾರುವುದು ಇಲ್ಲೇ.

ಬರೆಯುವುದುಂಟು, ಓದುವುದಿಲ್ಲ

ಇನ್ನು ಬರವಣಿಗೆ. ಹಳೆಯ ಪ್ರತಿಗಳಲ್ಲಿ ಪದಗಳ ನಡುವೆ ಜಾಗವೇ ಇಲ್ಲ. ನಮ್ಮ ತಾಳೆಗರಿಗಳ ಹಾಗೆ ಸಾಲಿಗೆ ಸಾಲೇ ಒಂದು ಸರ. ಅದನ್ನು ‘ಲಡಿವಾರ್’ ಎನ್ನುತ್ತಾರೆ, ಬಿಡಿಸಿ ಅಚ್ಚು ಹಾಕಿದ್ದಕ್ಕೆ ನಮ್ಮದೇ ಪದ: ಪದಚ್ಛೇದ. ‘ಬಾಳೆಲೆ’ ಎಂದು ಬರೆದಿದ್ದರೆ ಬಾಳೆಯ ಎಲೆಯೋ, ಬಾಳೆಂಬ ಎಲೆಯೋ? ಎಲ್ಲಿ ಕತ್ತರಿಸಬೇಕು ಎಂದು ತೀರ್ಮಾನಿಸುವಾಗಲೇ ಅರ್ಥವಿವರಣೆಯ ಅರ್ಧ ಕೆಲಸ ಆಗಿಬಿಟ್ಟಿರುತ್ತದೆ. ಪದಚ್ಛೇದದ ಪ್ರತಿಯನ್ನು ಹಿಡಿದವನು, ಗೊತ್ತಿದ್ದೋ ಇಲ್ಲದೆಯೋ, ಯಾರೋ ಒಬ್ಬರ ಓದನ್ನು ಒಪ್ಪಿಕೊಂಡೇ ಹಿಡಿದಿರುತ್ತಾನೆ.

ಇದಕ್ಕಿಂತ ಸೂಕ್ಷ್ಮವಾದದ್ದು ಪದದ ತುದಿಯ ಹ್ರಸ್ವಸ್ವರ. ‘ನಾನಕ’ ಎಂಬ ಹೆಸರನ್ನೇ ನೋಡಿ. ಅದು ಗ್ರಂಥದಲ್ಲಿ ‘ನಾನಕು’, ‘ನಾನಕ’, ‘ನಾನಕಿ’ ಎಂದು ಮೂರು ಬಗೆಯಲ್ಲಿ ಬರುತ್ತದೆ. ಪಾರಾಯಣ ಮಾಡುವವರು ಮೂರನ್ನೂ ‘ನಾನಕ್’ ಎಂದೇ ಉಚ್ಚರಿಸುತ್ತಾರೆ. ಹಾಗಾದರೆ ಆ ಉಕಾರ, ಇಕಾರ ಲಿಪಿಕಾರನ ಚಾಪಲ್ಯವೇ? ಬಹುಕಾಲ ಹಾಗೆಂದುಕೊಂಡವರಿದ್ದರು, ಛಂದಸ್ಸಿಗೆ ಹಾಕಿದ್ದು ಎಂದವರೂ ಇದ್ದರು.

ಅದರ ಗುಟ್ಟನ್ನು ಕೂತು ಬಿಡಿಸಿದವರು ಪ್ರೊಫೆಸರ್ ಸಾಹಿಬ್ ಸಿಂಗ್ (1892–1977). ಹುಟ್ಟಿದ್ದು ಹಿಂದೂ ಮನೆತನದಲ್ಲಿ, ಓದಿದ್ದು ಸಂಸ್ಕೃತ. ವಿಭಕ್ತಿಗಳನ್ನು ಉರು ಹೊಡೆದ ಕಣ್ಣು ಅದು. ಉಕಾರವಿದ್ದರೆ ಪ್ರಥಮಾ ಏಕವಚನ: ನಾನಕನು. ಏನೂ ಇಲ್ಲದಿದ್ದರೆ ಬಹುಮಟ್ಟಿಗೆ ಸಂಬೋಧನೆ: ಎಲೈ ನಾನಕ. ಇಕಾರವಿದ್ದರೆ ತೃತೀಯಾ: ನಾನಕನಿಂದ. ‘ಮನು’ ಎಂದರೆ ಮನಸ್ಸು, ‘ಮನಿ’ ಎಂದರೆ ಮನಸ್ಸಿನಲ್ಲಿ. ಕನ್ನಡದಲ್ಲಿ ‘ಗುರುವಿನಿಂದ’ ಎಂದು ಬರೆದು ಎಲ್ಲರೂ ‘ಗುರು’ ಎಂದಷ್ಟೇ ಓದುತ್ತಾ ನಾಲ್ಕು ತಲೆಮಾರು ಕಳೆದರೆ ಏನಾಗುತ್ತದೋ ಅದೇ ಅಲ್ಲಿ ಆಗಿತ್ತು. ಯಾರು ಯಾರಿಗೆ ಏನು ಮಾಡಿದರು ಎಂಬುದು ಕಾಗದದ ಮೇಲಿತ್ತು, ಕಿವಿಗೆ ಬೀಳುತ್ತಿರಲಿಲ್ಲ.

ಅವರು ಮೊದಲು ಗುರ್ಬಾಣಿಯ, ಅಂದರೆ ಗ್ರಂಥದ ನುಡಿಯ, ವ್ಯಾಕರಣ ಬರೆದರು. ಆಮೇಲೆ ಆ ವ್ಯಾಕರಣವನ್ನೇ ಕೈಯಲ್ಲಿ ಹಿಡಿದು ಇಡೀ ಗ್ರಂಥಕ್ಕೆ ‘ದರ್ಪಣ’ ಎಂಬ ಟೀಕೆಯನ್ನು 1962ರಿಂದ 1964ರ ನಡುವೆ ಹತ್ತು ಸಂಪುಟಗಳಲ್ಲಿ ಹೊರತಂದರು. ಬೆಳಗಿನ ಹುಕಂನಾಮಾದ ಜತೆ ಮೊಬೈಲಿಗೆ ಬರುವ ಪಂಜಾಬಿ ಅರ್ಥ ಎಷ್ಟೋ ಸಲ ಅವರದೇ.

ಒಂದು ಪದ, ಮೂರು ತವರು

ವ್ಯಾಕರಣದಿಂದಲೂ ಬಗೆಹರಿಯದ ಗಂಟುಗಳಿವೆ. ಗ್ರಂಥದ ಮೊದಲಿಗೇ ಇರುವ, ಸಿಖ್ಖರು ದಿನಾ ಬೆಳಿಗ್ಗೆ ಹೇಳಿಕೊಳ್ಳುವ ಗುರು ನಾನಕರ ‘ಜಪ್‌ಜಿ’ಯಲ್ಲಿ 38 ಪೌಡಿಗಳಿವೆ. ಪೌಡಿ ಎಂದರೆ ಮೆಟ್ಟಿಲು. ಕೊನೆಕೊನೆಗೆ ಸಾಧಕ ಹಾದುಹೋಗುವ ಐದು ‘ಖಂಡ’ಗಳ ಮಾತು ಬರುತ್ತದೆ: ಧರಮ್, ಗ್ಯಾನ್, ಸರಮ್, ಕರಮ್, ಸಚ್. ಮೊದಲೆರಡು, ಕೊನೆಯದು ಸಲೀಸು. ಧರ್ಮ, ಜ್ಞಾನ, ಸತ್ಯ. ತಕರಾರು ಇರುವುದು ನಡುವಿನ ಎರಡರಲ್ಲಿ.

‘ಕರಮ್’ ಅನ್ನು ಸಂಸ್ಕೃತದ ಮಗು ಎಂದುಕೊಂಡರೆ ಅದು ಕರ್ಮ. ಮಾಡುವ ಕೆಲಸ, ಮಾಡಿದ್ದರ ಫಲ. ಅರಬ್ಬಿಯ ಮಗು ಎಂದರೆ ಅದು ದಯೆ, ಕೃಪೆ, ಔದಾರ್ಯ. ಗುರುಮುಖಿಯಲ್ಲಿ ಎರಡಕ್ಕೂ ಒಂದೇ ಬರಹ, ಒಂದೇ ಉಚ್ಚಾರ, ಮತ್ತು ಗ್ರಂಥದಲ್ಲಿ ಎರಡು ಅರ್ಥಗಳೂ ಬೇರೆ ಬೇರೆ ಕಡೆ ಧಾರಾಳವಾಗಿ ಸಿಗುತ್ತವೆ. ಸತ್ಯದ ಖಂಡಕ್ಕೆ ಮುಂಚಿನ ಮೆಟ್ಟಿಲು ಯಾವುದು? ಕರ್ಮ ಎಂದರೆ ಮನುಷ್ಯ ದುಡಿದು ಅಲ್ಲಿಗೆ ತಲುಪುತ್ತಾನೆ. ಕರುಣೆ ಎಂದರೆ ಆ ಮೆಟ್ಟಿಲನ್ನು ಯಾರೋ ಎತ್ತಿ ಹತ್ತಿಸುತ್ತಾರೆ. ಒಂದು ಪದದ ತವರುಮನೆ ಯಾವುದು ಎಂಬುದರ ಮೇಲೆ ಇಡೀ ದರ್ಶನ ಈ ಕಡೆಗೋ ಆ ಕಡೆಗೋ ವಾಲುತ್ತದೆ. ಸಾಹಿಬ್ ಸಿಂಗ್ ಕೃಪೆಯ ಪಕ್ಷ. ಕ್ರಿಯೆಯ ಪಕ್ಷದವರು, ಆ ಖಂಡದ ವರ್ಣನೆಯಲ್ಲಿ ಬಲದ, ಶೂರರ ಮಾತು ಬರುವುದನ್ನು ತೋರಿಸಿ ವಾದಕ್ಕೆ ನಿಲ್ಲುತ್ತಾರೆ.

‘ಸರಮ್’ ಇನ್ನೂ ಫಜೀತಿ. ಸಂಸ್ಕೃತದ ಶ್ರಮ ಎಂದರೆ ಒಂದು, ಸುಖವೆಂಬ ಅರ್ಥದ ಶರ್ಮ ಎಂದರೆ ಇನ್ನೊಂದು, ಫಾರಸಿಯ ಶರಮ್ ಎಂದರೆ ನಾಚಿಕೆ, ವಿನಯ. ಒಂದೊಂದು ಅನುವಾದ ಒಂದೊಂದನ್ನು ಹಿಡಿದಿದೆ.

ನನಗನಿಸುವುದು ಇಷ್ಟು. ಹದಿನೈದು, ಹದಿನಾರನೆಯ ಶತಮಾನದ ಪಂಜಾಬಿನಲ್ಲಿ ಪಂಡಿತನೂ ಇದ್ದ, ಖಾಜಿಯೂ ಇದ್ದ. ಅಂಥ ಕಡೆ ‘ಕರಮ್’ ಎಂದವನಿಗೆ ಎರಡೂ ಕಿವಿಗಳು ಎದುರಿಗಿರುವುದು ಗೊತ್ತಿರಲಿಲ್ಲವೇ? ಗುರು ನಾನಕರು ಸುಲ್ತಾನಪುರದಲ್ಲಿ ನವಾಬನ ಉಗ್ರಾಣದ ಲೆಕ್ಕ ನೋಡಿಕೊಂಡಿದ್ದವರು. ಮಾತಿನ ತೂಕ ತಿಳಿಯದೆ ತಕ್ಕಡಿ ಹಿಡಿದಿರಲಾರರು. ಮೂಲದಲ್ಲಿ ಎರಡೂ ಅರ್ಥ ಒಟ್ಟಿಗೆ ಮಿನುಗುತ್ತಿರಬಹುದು. ಅನುವಾದಕನಿಗೆ ಮಾತ್ರ ಆ ಭಾಗ್ಯವಿಲ್ಲ. ಅವನು ಒಂದನ್ನು ಆರಿಸಲೇಬೇಕು. ಆರಿಸುವುದು ತಪ್ಪಲ್ಲ, ಆರಿಸಿದೆ ಎಂಬುದನ್ನು ಬಚ್ಚಿಡುವುದು ತಪ್ಪು.

ಸುರುಟಿನ ಹೊಗೆ

ಬಚ್ಚಿಡದೆ, ಬದಲಿಗೆ ಕೂಗಿ ಹೇಳಿ ಕೆಟ್ಟವನು ಎರ್ನೆಸ್ಟ್ ಟ್ರುಂಪ್. ಸಿಂಧಿ, ಪಶ್ತೋ ಭಾಷೆಗಳಲ್ಲಿ ಕೆಲಸ ಮಾಡಿದ್ದ ಜರ್ಮನ್ ಪಾದ್ರಿ-ಭಾಷಾವಿಜ್ಞಾನಿ. ಪಂಜಾಬನ್ನು ವಶಪಡಿಸಿಕೊಂಡ ಬ್ರಿಟಿಷ್ ಸರ್ಕಾರಕ್ಕೆ ತನ್ನ ಸೈನ್ಯದಲ್ಲಿರುವ ಸಿಖ್ಖರ ಧರ್ಮಗ್ರಂಥದಲ್ಲಿ ಏನಿದೆ ಎಂದು ತಿಳಿಯಬೇಕಿತ್ತು. ಆ ಕೆಲಸಕ್ಕಾಗಿ ಅವನು 1870ರಲ್ಲಿ ಲಾಹೋರಿಗೆ ಬಂದ. ಗ್ರಂಥಿಗಳನ್ನು ಕರೆಸಿ ಅರ್ಥ ಕೇಳಿದ. ಅವರು ಹೇಳಿದ್ದು ಹಿಡಿಸಲಿಲ್ಲ. ಅವರಿಗೆ ತಮ್ಮ ಗ್ರಂಥವೇ ಅರ್ಥವಾಗುವುದಿಲ್ಲ ಎಂದು ಷರಾ ಬರೆದ. ತೆರೆದಿಟ್ಟ ಗ್ರಂಥದ ಮುಂದೆ ಸುರುಟು ಸೇದುತ್ತಾ ಕೂತಿದ್ದನೆಂದೂ, ಗ್ರಂಥಿಗಳು ಎದ್ದು ನಡೆದರೆಂದೂ ಸಿಖ್ಖರು ಇಂದಿಗೂ ಹೇಳುತ್ತಾರೆ. ತಂಬಾಕು ಮುಟ್ಟದ ಸಮುದಾಯ ಅದು.

1877ರಲ್ಲಿ ಅವನ ಅನುವಾದ ಲಂಡನ್ನಿನಲ್ಲಿ ಅಚ್ಚಾಯಿತು, ಅದೂ ಪೂರ್ತಿ ಗ್ರಂಥದ್ದಲ್ಲ. ಮುನ್ನುಡಿಯಲ್ಲಿ ಗ್ರಂಥವನ್ನು ಅಸಂಬದ್ಧ, ಟೊಳ್ಳು ಎಂದು ಜರೆದ. ಹಳೆಯ ನುಡಿಗಳ ಭಂಡಾರವೆಂಬ ಮಟ್ಟಿಗೆ ಮಾತ್ರ ಬೆಲೆಯಿದೆ ಎಂದ. ವಿಪರ್ಯಾಸ ನೋಡಿ, ಆ ಕೊನೆಯ ಮಾತು ನಿಜ. ಶಬ್ದದ ಬೇರು ಹಿಡಿಯುವುದರಲ್ಲಿ ಅವನು ದಡ್ಡನಲ್ಲ. ಆದರೆ ಹಾಡುವುದಕ್ಕೆಂದು ಇರುವ, ಒಂದು ಪಲ್ಲವಿಯ ಸುತ್ತ ಸುತ್ತುವ ಪದ್ಯದಲ್ಲಿ ತರ್ಕದ ಸರಪಳಿ ಹುಡುಕಿದ. ಪುರಂದರದಾಸರ ಕೀರ್ತನೆಯನ್ನು ವಕೀಲರ ಪತ್ರದಂತೆ ಓದಿದರೆ ಅದೂ ಅಸಂಬದ್ಧವೇ.

ಆ ಪಲ್ಲವಿಗೆ ಗ್ರಂಥದಲ್ಲೇ ಗುರುತಿದೆ: ಸಾಲಿನ ಕೊನೆಗೆ ‘ರಹಾಉ’ ಎಂದಿರುತ್ತದೆ, ಎಂದರೆ ‘ನಿಲ್ಲು’. ಪದ್ಯದ ಜೀವ ಇರುವುದು ಆ ಸಾಲಿನಲ್ಲಿ, ಉಳಿದ ಚರಣಗಳನ್ನು ಅದರ ಬೆಳಕಿನಲ್ಲಿ ಓದಬೇಕು ಎಂಬುದು ಒಳಗಿನವರ ಸೂತ್ರ.

ನೌಕರಿ ಬಿಟ್ಟ ಜಡ್ಜ್

ಟ್ರುಂಪ್ ಮಾಡಿದ ಗಾಯಕ್ಕೆ ಎರಡು ಕಡೆಯಿಂದ ಮದ್ದು ಬಂತು. ಫರೀದ್‌ಕೋಟ್‌ನ ರಾಜ ಬಿಕ್ರಮ್ ಸಿಂಗ್ ವಿದ್ವಾಂಸರನ್ನು ಕೂರಿಸಿ ಇಡೀ ಗ್ರಂಥಕ್ಕೆ ಟೀಕೆ ಬರೆಸಲು ಹೊರಟ. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಅದು ಅಚ್ಚಾಗಿ ಬರುವ ಹೊತ್ತಿಗೆ ಹೊಸ ತಲೆಮಾರಿನ ಸಿಖ್ಖರು ಬೇರೆಯೇ ತಕರಾರು ತೆಗೆದರು: ಇದರಲ್ಲಿ ವೇದಾಂತದ ವಾಸನೆ ಜಾಸ್ತಿ. ಹೊರಗಿನವನ ತಪ್ಪನ್ನು ತಿದ್ದಲು ಹೊರಟವರು ಒಳಗಿನ ಜಗಳಕ್ಕೆ ಸಿಕ್ಕಿಕೊಂಡರು.

ಇನ್ನೊಬ್ಬ ಐರ್ಲೆಂಡಿನವನು. ಮ್ಯಾಕ್ಸ್ ಆರ್ಥರ್ ಮೆಕಾಲಿಫ್, ಪಂಜಾಬಿನಲ್ಲಿ ಐಸಿಎಸ್ ಅಧಿಕಾರಿ, ಜಡ್ಜ್. 1893ರಲ್ಲಿ ಕೆಲಸಕ್ಕೆ ರಾಜೀನಾಮೆ ಕೊಟ್ಟು ಅನುವಾದಕ್ಕೆ ಕೂತ. ಟ್ರುಂಪ್ ಮಾಡಿದ್ದಕ್ಕೆ ತದ್ವಿರುದ್ಧ ಅವನ ದಾರಿ. ಅನುವಾದಿಸಿದ್ದನ್ನೆಲ್ಲ ಸಿಖ್ ವಿದ್ವಾಂಸರ ಮುಂದೆ ಇಟ್ಟು ತಿದ್ದಿಸಿಕೊಂಡ. ನಾಭಾ ಸಂಸ್ಥಾನದ ಕಾಹ್ನ್ ಸಿಂಗ್ ಅವನಿಗೆ ಗುರುವೂ ಹೌದು, ಜತೆಗಾರನೂ ಹೌದು. ಪುಸ್ತಕ ಅಚ್ಚಾಗುವಾಗ ಇಂಗ್ಲೆಂಡಿನವರೆಗೂ ಹೋದರು. ಇದೇ ಕಾಹ್ನ್ ಸಿಂಗ್ ಮುಂದೆ 1930ರಲ್ಲಿ ‘ಮಹಾನ್ ಕೋಶ್’ ಎಂಬ ವಿಶ್ವಕೋಶ ಹೊರತಂದವರು. ಮೆಕಾಲಿಫನ ಆರು ಸಂಪುಟಗಳು 1909ರಲ್ಲಿ ಆಕ್ಸ್‌ಫರ್ಡಿನಿಂದ ಬಂದವು. ಪದ್ಯಗಳನ್ನು ಅವನು ರಾಗದ ಕ್ರಮದಲ್ಲಿ ಬಿಟ್ಟಿಲ್ಲ, ಗುರುಗಳ ಜೀವನಕಥೆಗೆ ಪೋಣಿಸಿದ್ದಾನೆ. ಓದಲು ಸುಲಭವಾಯಿತು. ಗ್ರಂಥದ ಅಂಗರಚನೆ ಕಾಣದಾಯಿತು.

ಅವನ ಬೈಬಲ್ ಧಾಟಿಯ ಹಳೆಯ ಇಂಗ್ಲಿಷನ್ನು ಈಗಿನವರು ಆಡಿಕೊಳ್ಳುತ್ತಾರೆ. ನಾನು ಆ ಒಂದು ವಿಷಯದಲ್ಲಿ ಅವನ ಪರ. ‘ದೌ’ ಎಂಬ ಹಳೆಯ ಪದ ಇದ್ದದ್ದರಿಂದ ಅವನಿಗೆ ‘ನೀನು’ ಎನ್ನಲು ಸಾಧ್ಯವಾಯಿತು. ಇಂದಿನ ಇಂಗ್ಲಿಷಿನಲ್ಲಿ ನೀನೂ ಒಂದೇ, ನೀವೂ ಒಂದೇ. ದೇವರನ್ನು ಏಕವಚನದಲ್ಲಿ ಕರೆಯುವ ಸಲಿಗೆ ಏನೆಂದು ವಚನಕಾರರ, ದಾಸರ ಮಕ್ಕಳಿಗೆ ಹೇಳಬೇಕಿಲ್ಲ.

‘ಲಾರ್ಡ್’ ಎಲ್ಲಿಂದ ಬಂದ?

ಇಡೀ ಗ್ರಂಥ ಇಂಗ್ಲಿಷಿಗೆ ಬಂದದ್ದು 1960ರಲ್ಲಿ, ಗೋಪಾಲ್ ಸಿಂಗ್ ಅವರಿಂದ. ಅದರ ಬೆನ್ನಿಗೇ ಶಿರೋಮಣಿ ಗುರುದ್ವಾರ ಪ್ರಬಂಧಕ ಸಮಿತಿ ಮನಮೋಹನ್ ಸಿಂಗ್ ಎಂಬ ವಕೀಲರ ಅನುವಾದವನ್ನು ಎಂಟು ಸಂಪುಟಗಳಲ್ಲಿ ಪ್ರಕಟಿಸಿತು. ಈಗ ವಿದೇಶದ ಗುರುದ್ವಾರಗಳ ಪರದೆಯ ಮೇಲೆ ಹೆಚ್ಚಾಗಿ ಮೂಡುವುದು ಸಂತ್ ಸಿಂಗ್ ಖಾಲ್ಸಾ ಎಂಬ ಅಮೆರಿಕನ್ ಸಿಖ್ಖರ ಅನುವಾದ. ‘ರಾಗಿ’ಗಳೆಂಬ ಗಾಯಕರು ಹಾಡುತ್ತಿದ್ದಂತೆ ಸಾಲುಗಳು ಬದಲಾಗುತ್ತವೆ. ಅಲ್ಲೇ ಹುಟ್ಟಿ ಬೆಳೆದ ಮಕ್ಕಳಿಗೆ ಆ ಪರದೆಯೇ ಗ್ರಂಥ.

ಹಾಗಾಗಿ ಪರದೆಯಲ್ಲಿ ಯಾವ ಪದ ಬರುತ್ತದೆ ಎಂಬುದು ಸಣ್ಣ ಮಾತಲ್ಲ. ಗ್ರಂಥ ಶುರುವಾಗುವುದು ಒಂದು ಅಕ್ಷರದಿಂದಲ್ಲ, ಅಂಕಿಯಿಂದ: 1. ಅದರ ಮುಂದೆ ಓಂಕಾರ. ಇಂಗ್ಲಿಷಿನವರು ಅದನ್ನು ‘ಗಾಡ್ ಒಬ್ಬನಿದ್ದಾನೆ’ ಎಂಬಂಥ ವಾಕ್ಯ ಮಾಡಿದರು. ಮೂಲದಲ್ಲಿ ಗಾಡ್ ಇಲ್ಲ, ‘ಇದ್ದಾನೆ’ಯೂ ಇಲ್ಲ. ನಿಕ್ಕಿ ಗುನಿಂದರ್ ಕೌರ್ ಸಿಂಗ್ ಎಂಬ ವಿದುಷಿ 1995ರಲ್ಲಿ ತಮ್ಮ ಅನುವಾದ ಪ್ರಕಟಿಸುವಾಗ ‘ಲಾರ್ಡ್’ ಮತ್ತು ಗಂಡುಸರ್ವನಾಮಗಳನ್ನು ಹೊರಗಿಟ್ಟರು. ಗ್ರಂಥದಲ್ಲಿ ದೈವ ತಂದೆಯೂ ಹೌದು, ತಾಯಿಯೂ ಹೌದು. ಚರ್ಚಿನ ಒಡೆಯನನ್ನು ಅಲ್ಲಿ ತಂದು ಕೂರಿಸಿದವರು ಯಾರು ಎಂಬುದು ಅವರ ಪ್ರಶ್ನೆ.

ಕನ್ನಡಕ್ಕೆ ತರಹೊರಟರೂ ಇದೇ ಫಜೀತಿ. ‘ಒಬ್ಬನೇ’ ಎಂದರೆ ಗಂಡಾಯಿತು, ‘ಒಂದೇ’ ಎಂದರೆ ವಸ್ತುವಾಯಿತು. ನಮ್ಮ ಕ್ರಿಯಾಪದವಂತೂ ಲಿಂಗ ಹೇಳದೆ ಬಾಯಿ ಮುಚ್ಚುವುದೇ ಇಲ್ಲ. ಅಂಕಿಯನ್ನು ಅಂಕಿಯಾಗಿಯೇ ಬಿಡುವುದು ಜಾಣತನ.

ಹುಕುಂ ಎಂಬ ಪದವನ್ನು ಏನು ಮಾಡುವುದು?

ಬೀದರಿನ ನಾನಕ್ ಝೀರಾದಲ್ಲಿ ಗುರು ನಾನಕರು ಬಂದು ನೀರಿನ ಸೆಲೆ ತೋರಿದರೆಂದು ನಂಬಿಕೆ. 1699ರಲ್ಲಿ ಆನಂದಪುರದಲ್ಲಿ ಗುರು ಗೋವಿಂದ ಸಿಂಗರ ಕರೆಗೆ ತಲೆಕೊಡಲು ಎದ್ದುನಿಂತ ಐವರು ಪ್ರಿಯರಲ್ಲಿ ಭಾಯಿ ಸಾಹಿಬ್ ಸಿಂಗ್ ಬೀದರಿನವರು. ಅಂದರೆ ಈ ನುಡಿಗೂ ನಮ್ಮ ನೆಲಕ್ಕೂ ಗುರುತು ಹಳೆಯದು. ಆದರೂ ಅನುವಾದಕ್ಕೆ ಕೂತರೆ ಹತ್ತಿರದ ಪದಗಳೇ ಹೆಚ್ಚು ಕಾಡುತ್ತವೆ.

‘ಹುಕಂ’ ಎಂದರೆ ಗ್ರಂಥದಲ್ಲಿ ಜಗತ್ತು ನಡೆಯುವ ಕ್ರಮವೂ ಹೌದು, ಅದನ್ನು ನಡೆಸುವ ಇಚ್ಛೆಯೂ ಹೌದು. ಕನ್ನಡದಲ್ಲಿ ‘ಹುಕುಂ’ ಎಂದೊಡನೆ ಮೂಗಿಗೆ ಬಡಿಯುವುದು ತಾಲ್ಲೂಕು ಕಚೇರಿಯ ಕಡತದ ವಾಸನೆ, ಬಗರ್‌ಹುಕುಂ ಅರ್ಜಿಯ ಸಾಲು. ‘ಆಜ್ಞೆ’ಗೆ ರಾಜನ ಬಿಗುವು. ‘ಋತ’ ಎಂದರೆ ವೇದಕ್ಕೆ ಹೋಗಿಬಿಟ್ಟೆವು. ದೇವಸ್ಥಾನದಲ್ಲಿ ಹೂವು ಬೀಳಲೆಂದು ಕಾಯುವವರು ‘ಅಪ್ಪಣೆಯಾಗಲಿ’ ಎನ್ನುತ್ತಾರಲ್ಲ, ಆ ‘ಅಪ್ಪಣೆ’ ನನಗೆ ಇದ್ದುದರಲ್ಲಿ ವಾಸಿ ಎನಿಸುತ್ತದೆ. ‘ಕರಮ್’ ಅನ್ನು ‘ಕರ್ಮ’ ಎಂದು ಬರೆದರಂತೂ ಮುಗಿಯಿತು. ‘ಎಲ್ಲಾ ನನ್ನ ಕರ್ಮ’ ಎಂದು ಹಣೆ ಚಚ್ಚಿಕೊಳ್ಳುವ ಸದ್ದು ಕೇಳುತ್ತದೆ. ‘ನಾಮ’ದ ವಿಷಯ ಬೇಡವೇ ಬೇಡ. ನಾಮ ಹಾಕಿಸಿಕೊಂಡವರೇ ಹೇಳಲಿ.

ಒಂದು ಪದ ಮಾತ್ರ ಕನ್ನಡಕ್ಕೆ ಚೆಂದ ಒಗ್ಗುತ್ತದೆ: ‘ಹೌಮೈ’. ಹೌ ಎಂದರೂ ನಾನು, ಮೈ ಎಂದರೂ ನಾನು. ಇಂಗ್ಲಿಷಿನ ‘ಈಗೋ’ ಅದನ್ನು ಮನಶ್ಶಾಸ್ತ್ರದ ಕಾಯಿಲೆ ಮಾಡುತ್ತದೆ. ವೈಕುಂಠಕ್ಕೆ ಯಾರು ಹೋಗಬಲ್ಲರು ಎಂದು ಗುರುಗಳು ಕೇಳಿದಾಗ ಕನಕದಾಸರು ಕೊಟ್ಟ ಉತ್ತರದ ಕತೆ ಗೊತ್ತಿದ್ದವರಿಗೆ ‘ನಾನು ನಾನೆಂಬುದು’ ಎಂದರೆ ಸಾಕು.

ವಚನಗಳ ವಿಷಯದಲ್ಲಿ ನಾವು ಈ ಜಗಳವನ್ನು ಆಗಲೇ ನೋಡಿದ್ದೇವೆ. ಎ.ಕೆ. ರಾಮಾನುಜನ್ 1973ರಲ್ಲಿ ವಚನಗಳನ್ನು ಇಂಗ್ಲಿಷಿಗೆ ತರುವಾಗ ಅಂಕಿತವನ್ನೂ ಬಿಡಿಸಿ, ಕೂಡಲಸಂಗಮದೇವನನ್ನು ಹೊಳೆಗಳು ಕೂಡುವೆಡೆಯ ಒಡೆಯನನ್ನಾಗಿ ಮಾಡಿದರು. ಜಗತ್ತು ತಲೆದೂಗಿತು. ತೇಜಸ್ವಿನಿ ನಿರಂಜನ 1992ರಲ್ಲಿ ಆ ಅನುವಾದದ ನಿಲುವನ್ನೇ ಪ್ರಶ್ನಿಸಿದರು. ಸಿಖ್ ಗುರುಗಳ ಅಂಕಿತದಲ್ಲಿ ಇನ್ನೊಂದು ಸ್ವಾರಸ್ಯವಿದೆ. ಆರು ಮಂದಿಯದೂ ಒಂದೇ ಅಂಕಿತ, ‘ನಾನಕ’. ಯಾರದೆಂದು ತಿಳಿಯಲು ಮೇಲೆ ‘ಮಹಲಾ’ ಎಂದು ಬರೆದು 1, 3, 5 ಎಂದು ಅಂಕಿ ಹಾಕಿರುತ್ತಾರೆ. ಹೆಸರು ಬದಲಾಗದು, ಎಣಿಕೆ ಮಾತ್ರ ಮುಂದುವರಿಯುತ್ತದೆ.

ಮಂಜಿ ಸಾಹಿಬ್‌ನ ಬೆಳಗು

ಅನುವಾದಕ್ಕೆ ಗಾದಿಯಿಲ್ಲ. ರುಮಾಲಾ ಹೊದಿಸಿ, ಚಾಮರ ಬೀಸಿ ಗುರುವೆಂದು ಕೂರಿಸುವುದು ಗುರುಮುಖಿಯ ಮೂಲವನ್ನು ಮಾತ್ರ. ಟೀಕೆಗಳೂ ಅನುವಾದಗಳೂ ಗೌರವಕ್ಕೆ ಪಾತ್ರವಾದ ಪೋಥಿಗಳು, ಅಷ್ಟೆ. ಅದರಿಂದ ಒಂದು ಅನುಕೂಲವೂ ಇದೆ. ಯಾವ ಅರ್ಥವೂ ಕೊನೆಯದಾಗಬೇಕಿಲ್ಲ. ವ್ಯಾಕರಣದವರು ತುದಿಯ ಉಕಾರ ಹಿಡಿದು ವಾದಿಸುತ್ತಾರೆ. ಟಕಸಾಲ್‌ಗಳೆಂಬ ಗುರುಕುಲಗಳಲ್ಲಿ ಕಲಿತವರು, ಬಾಯಿಂದ ಬಾಯಿಗೆ ಬಂದ ಅರ್ಥವನ್ನು ವ್ಯಾಕರಣದ ಹಗ್ಗದಲ್ಲಿ ಕಟ್ಟಬೇಡಿ ಎನ್ನುತ್ತಾರೆ. ಪದ್ಯ ಯಾವ ಸಂದರ್ಭದಲ್ಲಿ ಹುಟ್ಟಿತು ಎಂಬ ಕತೆ ಅವರಿಗೆ ಮುಖ್ಯ. ದಾಸರ ಪದಕ್ಕೆ ನಮ್ಮಲ್ಲಿ ಒಂದೊಂದು ಕತೆ ಅಂಟಿಕೊಂಡಿರುವ ಹಾಗೆ.

ಹರ್ಮಂದಿರ್‌ನಲ್ಲಿ ಹುಕಂನಾಮಾ ಓದಿದ ಮೇಲೆ, ಪಕ್ಕದ ಮಂಜಿ ಸಾಹಿಬ್ ದಿವಾನ್ ಹಾಲಿನಲ್ಲಿ ಅದೇ ಪದ್ಯದ ಮೇಲೆ ‘ಕಥಾ’ ನಡೆಯುತ್ತದೆ. ಕುಮಾರವ್ಯಾಸನ ಗಮಕ ವಾಚನಕ್ಕೆ ಕೂತವರಿಗೆ ಆ ಪದ್ಧತಿ ಹೊಸದಲ್ಲ. ಒಂದು ಸಾಲು, ಅದರ ಹಿಂದೆಯೇ ವ್ಯಾಖ್ಯಾನ. ಕಥಾವಾಚಕರು ಒಂದು ಪದದ ಬಳಿ ನಿಂತು ಇದಕ್ಕೆ ಹೀಗೂ ಅರ್ಥವಿದೆ ಎನ್ನುತ್ತಾರೆ, ಇನ್ನೊಂದು ಪುಟದ ಪದ್ಯ ತಂದು ತಾಳೆ ನೋಡುತ್ತಾರೆ, ನಡುವೆ ಒಂದು ಸಾಖಿ, ಎಂದರೆ ಗುರುಗಳ ಕತೆ, ಹೇಳುತ್ತಾರೆ. ನೆಲದ ಮೇಲೆ ಕೂತ ಮುದುಕಿಯರು ಕಣ್ಣುಮುಚ್ಚಿ ತಲೆದೂಗುತ್ತಾರೆ. ತಿಂಗಳುಗಳಾದ ಮೇಲೆ ಅದೇ ಪುಟ ಮತ್ತೆ ತೆರೆದುಕೊಳ್ಳುತ್ತದೆ. ಅಂದು ಬೇರೆ ಕಥಾವಾಚಕರು. ‘ಕರಮ್’ ಎಂಬಲ್ಲಿ ಅವರೂ ನಿಲ್ಲುತ್ತಾರೆ.